ಸ್ಯಾಕ್ಸೊಫೋನ್ ಕ್ಲೀನಿಂಗ್ ಕಿಟ್: ಎಂಟು ಸಾಮಾನು, ಕೆಲಸಕ್ಕೆ ಬರುವುದು ಮೂರು

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಆಲ್ಟೊ ಸ್ಯಾಕ್ಸೊಫೋನ್ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಜುಂಗಿನ ಉದ್ದ ಕೋಲು, ದಾರ ಕಟ್ಟಿದ ಒರೆಸುವ ಬಟ್ಟೆ, ನೆಕ್‌ಗೆ (ಮೇಲ್ತುದಿಯ ಬಾಗಿದ ಕೊಳವೆಗೆ) ಬಾಗುವ ಬ್ರಷ್, ಬಾಯಿಗಿಡುವ ಮೌತ್‌ಪೀಸಿಗೆ ಬ್ರಷ್, ನೆಕ್‌ನ ಕಾರ್ಕಿಗೆ ಹಚ್ಚುವ ಕಾರ್ಕ್ ಗ್ರೀಸ್, ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ಇಡುವ ಡಬ್ಬಿ, ಪುಟ್ಟ ಸ್ಕ್ರೂಡ್ರೈವರ್, ಹೆಬ್ಬೆರಳಿನ ಮೆತ್ತೆ. ಕರಾವಳಿಯ ಮಳೆಗಾಲಕ್ಕೆ ಇಷ್ಟು ಸಾಕೇ? ಕದ್ರಿ ಗೋಪಾಲನಾಥರ ಊರಿನ ಸುತ್ತ ಮದುವೆ, ಜಾತ್ರೆ ಎಲ್ಲದಕ್ಕೂ ಸ್ಯಾಕ್ಸೊಫೋನ್ ಬೇಕು. ಜೂನ್ ಕಳೆದ ಮೇಲೆ ಕೇಸ್ ತೆರೆದರೆ ಬೂಷ್ಟಿನ ವಾಸನೆಯೂ ಗ್ಯಾರಂಟಿ.

ಆ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮ್ಯಾಂಚೆಸ್ಟರ್‌ನ ವೈದ್ಯರು 2016ರಲ್ಲಿ ಒಂದು ಪ್ರಕರಣ ಪ್ರಕಟಿಸಿದರು: ದಿನಾ ಬ್ಯಾಗ್‌ಪೈಪ್ ಊದುತ್ತಿದ್ದ 61 ವರ್ಷದವರೊಬ್ಬರ ಶ್ವಾಸಕೋಶ ಹಾಳಾಗಿ ಅವರು ತೀರಿಕೊಂಡಿದ್ದರು. ವಾದ್ಯದೊಳಗೆ ಹಲವು ಬಗೆಯ ಶಿಲೀಂಧ್ರ ಸಿಕ್ಕಿತು. ವಾದ್ಯ ಮನೆಯಲ್ಲಿ ಬಿಟ್ಟು 3 ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಅವರ ಕೆಮ್ಮು, ಏದುಸಿರು ಬೇಗನೆ ತಗ್ಗಿದ್ದವು. ಇದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಅಂದರೆ ಬೂಷ್ಟಿನ ಕಣಗಳಿಗೆ ಶ್ವಾಸಕೋಶ ಅತಿಯಾಗಿ ಸೆಣಸಿ ಊದಿಕೊಳ್ಳುವ ಕಾಯಿಲೆ. ಎಲ್ಲರಿಗೂ ಬರುವುದಿಲ್ಲ. ಆದರೆ ವಾರಗಟ್ಟಲೆ ಬಿಡದ ಒಣಕೆಮ್ಮು ವಾದ್ಯ ಮುಟ್ಟದ ದಿನಗಳಲ್ಲಿ ತಗ್ಗುತ್ತಿದ್ದರೆ, ಏನು ಊದುತ್ತೀರಿ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ; ಅವರಾಗಿ ಕೇಳುವುದು ಅಪರೂಪ.

ಇನ್ನು ಕಿಟ್‌ಗೆ ಬರೋಣ. ಇದರಲ್ಲಿ ಮುಖ್ಯವಾದದ್ದು ಬಟ್ಟೆ. ದಾರದ ತುದಿಯ ಭಾರವನ್ನು ಬೆಲ್‌ನಿಂದ, ಅಂದರೆ ವಾದ್ಯದ ಅಗಲ ಬಾಯಿಯಿಂದ, ಒಳಗೆ ಬಿಟ್ಟು, ವಾದ್ಯವನ್ನು ಬೋರಲು ಮಾಡಿ, ನೆಕ್ ಕೂರುವ ತೂತಿನಿಂದ ಹೊರಕ್ಕೆ ಎಳೆಯಬೇಕು. ಎರಡು-ಮೂರು ಸಲ ಎಳೆದರೆ ಸಾಕು. ಕೊಳ್ಳುವಾಗ ಎರಡು ವಿಷಯ ನೋಡಿ. ಭಾರಕ್ಕೆ ಪ್ಲಾಸ್ಟಿಕ್ ಅಥವಾ ರಬ್ಬರ್ ಹೊದಿಕೆ ಇರಬೇಕು. ಬಟ್ಟೆಯ ಹಿಂದುಗಡೆಯೂ ದಾರ ಇರಬೇಕು: ಮೇಲ್ಭಾಗದಲ್ಲಿ ಆಕ್ಟೇವ್ ಕೊಳವೆ (ಮೇಲಿನ ಸ್ಥಾಯಿಗೆಂದು ಇರುವ ಪುಟ್ಟ ಕೊಳವೆ) ಒಳಕ್ಕೆ ಚಾಚಿಕೊಂಡಿರುವುದರಿಂದ ದಪ್ಪ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಜಗ್ಗಾಡಬೇಡಿ, ಹಿಂದಿನ ದಾರ ಹಿಡಿದು ವಾಪಸ್ ಎಳೆಯಿರಿ. ಅಗ್ಗದ ಕಿಟ್‌ಗಳಲ್ಲಿ ಈ ಹಿಂದಿನ ದಾರವೇ ಬಹಳ ಸಲ ಇರುವುದಿಲ್ಲ. ಒದ್ದೆ ಬಟ್ಟೆಯನ್ನು ಬೆಲ್‌ನೊಳಗೆ ತುರುಕಿ ಕೇಸ್ ಮುಚ್ಚಿದರಂತೂ ಒರೆಸಿದ್ದೇ ದಂಡ.

ಜುಂಗಿನ ಕೋಲು ನೋಡಲು ಚೆಂದ, ಕಿಟ್‌ನ ಫೋಟೊದಲ್ಲೂ ಅದೇ ಮುಂದೆ. ಅದನ್ನು ಒಳಗೇ ಬಿಡಿ ಎನ್ನುತ್ತಾರೆ. ನಮ್ಮ ಹವೆಗೆ ಅದು ತಪ್ಪು ಸಲಹೆ. ಹೀರಿದ ನೀರನ್ನು ಅದು ರಾತ್ರಿಯಿಡೀ ತೂತು ಮುಚ್ಚುವ ಪ್ಯಾಡ್‌ಗಳ ಪಕ್ಕದಲ್ಲೇ ಹಿಡಿದಿಡುತ್ತದೆ. ಚರ್ಮ ಮತ್ತು ಫೆಲ್ಟಿನ ಪ್ಯಾಡ್ ಅಂಟಾಗಿ ಬೂಷ್ಟು ಹಿಡಿಯುವುದು ಹಾಗೆಯೇ. ಬಳಸುವುದಾದರೆ ಒಮ್ಮೆ ಹಾಕಿ ತೆಗೆದು, ಹೊರಗೆ ಒಣಗಿಸಿ. ಜಿ ಶಾರ್ಪ್ ಸ್ವರದ ಪ್ಯಾಡ್ ಅಂಟುತ್ತಿದ್ದರೆ ಕೆಳಗೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ. ಪೌಡರ್ ಬೇಡ.

ನೆಕ್ ಬ್ರಷ್ ಪರವಾಗಿಲ್ಲ. ಬೆವರಿನಂತೆ ನೀರು ಕಟ್ಟುವುದೂ, ಎಂಜಲಿನ ಪದರ ಕೂರುವುದೂ ಮೊದಲು ನೆಕ್ ಮತ್ತು ಮೌತ್‌ಪೀಸಿನಲ್ಲೇ. ಮದುವೆಯೂಟ ಮುಗಿಸಿ ಪಾಯಸದ ಬಾಯಲ್ಲೇ ಊದಿದರೆ ಬೂಷ್ಟಿಗೂ ಊಟ ಬಡಿಸಿದಂತೆ, ಬಾಯಿ ಮುಕ್ಕಳಿಸಿ. ಮೌತ್‌ಪೀಸನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಮೌತ್‌ಪೀಸಿನ ಎಬೊನೈಟ್ (ಗಟ್ಟಿ ರಬ್ಬರ್) ಬಣ್ಣಗೆಟ್ಟು ಗಂಧಕದ ವಾಸನೆ ಬರುತ್ತದೆ. ಕಿಟ್‌ನ ಮೌತ್‌ಪೀಸ್ ಬ್ರಷ್‌ನ ತುದಿಯಲ್ಲಿ ತಂತಿ ಹೊರಗೆ ಚಾಚಿದ್ದರೆ ಎಸೆಯಿರಿ. ರೀಡ್ ಕೂರುವ ಅಂಚಿಗೆ ಗೀರು ಬಿದ್ದರೆ ನಾದ ಹೋಯಿತು.

ರೀಡ್ ಡಬ್ಬಿಗೆ ಗಾಳಿತೂತೇ ಇಲ್ಲ, ಹಾಗಾಗಿ ರೀಡ್ ಒರೆಸಿ ಆರಿದ ಮೇಲಷ್ಟೇ ಒಳಗಿಡಿ. ಕಪ್ಪು ಚುಕ್ಕೆ ಬಂದ ರೀಡನ್ನು ಉಳಿಸಲು ಹೋಗಬೇಡಿ, ಬಿಸಾಡಿ. ಗ್ರೀಸ್ ಕೆಲಸಕ್ಕೆ ಬರುತ್ತದೆ. ಸ್ಕ್ರೂಡ್ರೈವರ್, ಮೆತ್ತೆ ಲೆಕ್ಕಕ್ಕಿಲ್ಲ.

ಒಟ್ಟು ಕಿಟ್ ಬದಲು ಹಿಂದೆ ದಾರವಿರುವ ಬಟ್ಟೆ, ನೆಕ್ ಬ್ರಷ್, ಗ್ರೀಸ್ ಬಿಡಿಯಾಗಿ ಕೊಳ್ಳಿ. ಉಳಿದ ದುಡ್ಡಿಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ತಂದು ಕೇಸಿನಲ್ಲಿಡಿ, ಬಣ್ಣ ಬದಲಾದಾಗ ಹೊಸ ಪೊಟ್ಟಣ ಹಾಕಿ. ಕೇಸಿನ ಮಖಮಲ್ಲಿಗೇ ಬೂಷ್ಟು ಹಿಡಿದಿದ್ದರೆ ಯಾವ ಬಟ್ಟೆಯಿಂದಲೂ ಉಪಯೋಗವಿಲ್ಲ, ಕೇಸ್ ಬದಲಿಸಬೇಕು.