ಶಾಕುಹಾಚಿ: ಎರಡು ಕೊಳಲು, ಎರಡು ಪಾಠ

ಕೆಲಸದ ಮೇಲೆ ಕ್ಯೋಟೋಗೆ ಬಂದು ನಾಲ್ಕು ವರ್ಷವಾಯಿತು. ಅದರಲ್ಲಿ ಎರಡು ವರ್ಷ ಶಾಕುಹಾಚಿ ಎಂಬ ಜಪಾನಿನ ಉದ್ದ ಕೊಳಲಿನ ಜೊತೆ ಹೆಣಗಾಡಿದ್ದೇನೆ. ಊರಿನ ಗೆಳೆಯರು ಆಗಾಗ ಕೇಳುತ್ತಾರೆ: ಝೆನ್‌ಗಾಗಿ ಕಲಿಯುವುದಾದರೆ ಯಾವ ಕೊಳಲು ಕೊಳ್ಳಬೇಕು, ಯಾರ ಹತ್ತಿರ ಹೋಗಬೇಕು? ಎರಡರಲ್ಲೂ ಎರಡೆರಡು ದಾರಿ ತುಳಿದು ನೋಡಿದ್ದೇನೆ.

ಮೊದಲು ಕೊಂಡಿದ್ದು 2.4 ಶಾಕು (ಒಂದು ಶಾಕು ಸುಮಾರು 30 ಸೆಂಟಿಮೀಟರ್) ಉದ್ದದ ಬಿದಿರಿನ ಜಿನಾಶಿ. ಬುಡದ ಗಿಣ್ಣುಗಳ ಸಮೇತ ಕೊಯ್ದ ಬಿದಿರು. ಒಳಗೆ ಲೇಪ ಬಳಿದು ಕೊಳವೆಯನ್ನು ತಿದ್ದಿರುವುದಿಲ್ಲ, ಗಿಣ್ಣಿನ ಏರುತಗ್ಗು ಹಾಗೇ ಉಳಿದಿರುತ್ತದೆ. ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟೆ. ಝೆನ್ ಅಂದಮೇಲೆ ಬಿದಿರೇ ಆಗಬೇಕು ಎಂಬ ಹುಚ್ಚು. ಮೂರು ವಾರ ಊದಿದರೂ ಬಂದಿದ್ದು ಗಾಳಿ ಮಾತ್ರ. ಚಿಕ್ಕಂದಿನಲ್ಲಿ ನಮ್ಮ ಅಡ್ಡ ಕೊಳಲು ಕಲಿತಿದ್ದೆ. ಅದು ಇಲ್ಲಿ ನೆರವಿಗೆ ಬರುವ ಬದಲು ಅಡ್ಡಿಯೇ ಆಯಿತು. ಶಾಕುಹಾಚಿಗೆ ಊದುವ ರಂಧ್ರವೇ ಇಲ್ಲ. ತೆರೆದ ತುದಿಯನ್ನು ಗದ್ದದಿಂದ ಮುಚ್ಚಿ, ಓರೆಯಾಗಿ ಕೊಯ್ದ ಅಂಚಿಗೆ ಉಸಿರು ತಾಗಿಸಬೇಕು. ಮೇಲಾಗಿ ಇಷ್ಟುದ್ದದ ಕೊಳಲಿನ ತೂತುಗಳು ದೂರದೂರ, ನನ್ನ ಉಂಗುರ ಬೆರಳು ಅಲ್ಲಿಗೆ ತಲುಪುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು.

ಸೋತು 1.8 ಶಾಕುವಿನ ಪ್ಲಾಸ್ಟಿಕ್ ಕೊಳಲು ತಂದೆ. ಸುಮಾರು 54.5 ಸೆಂಟಿಮೀಟರ್. ಒಂದು ಶಾಕು, ಎಂಟು ಸುನ್ (ಸುನ್ ಅಂದರೆ ಶಾಕುವಿನ ಹತ್ತನೇ ಒಂದು ಭಾಗ, ಹಾಚಿ ಅಂದರೆ ಎಂಟು) ಎಂಬ ಈ ಅಳತೆಯಿಂದಲೇ ವಾದ್ಯಕ್ಕೆ ಆ ಹೆಸರು. ನಾಲ್ಕನೇ ದಿನ ನಾದ ಹೊರಟಿತು. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಕೆಳಗಿನಿಂದ ಒಂದೊಂದಾಗಿ ತೆಗೆಯುತ್ತ ಹೋದರೆ ಸ ಗ ಮ ಪ ನಿ, ಶುದ್ಧ ಧನ್ಯಾಸಿಯ ಸ್ವರಗಳು! ಮನೆ ಸಿಕ್ಕಿತು ಅಂದುಕೊಂಡೆ. ಆದರೆ ಝೆನ್ ಸಾಧಕರು ಊದುವ ಹೊಂಕ್ಯೋಕು ರಚನೆಗಳಲ್ಲಿ ಮತ್ತೆ ಮತ್ತೆ ಬರುವುದು ಷಡ್ಜದ ಪಕ್ಕದ ಶುದ್ಧ ರಿಷಭ. ಅದಕ್ಕೆ ತೂತಿಲ್ಲ. ಅರ್ಧ ಬೆರಳು ಮುಚ್ಚಿ ತಲೆ ಬಗ್ಗಿಸಬೇಕು. ಹೀಗೆ ಸ್ವರ ಇಳಿಸುವುದಕ್ಕೆ ಮೆರಿ ಎನ್ನುತ್ತಾರೆ. ತಲೆ ಬಗ್ಗಿದಷ್ಟೂ ಶಬ್ದವೂ ತಗ್ಗುವುದರಿಂದ ಆ ರಿಷಭ ಬಾಗಿಲ ಮರೆಯಿಂದ ಇಣುಕಿದ ಹಾಗೆ ಕೇಳುತ್ತದೆ. ತಲೆ ಅಲ್ಲಾಡಿಸಲು ಮೂರು ವರ್ಷ, ಕೊರೊ ಎಂಬ ಅಲಂಕಾರಕ್ಕೆ ಎಂಟು ವರ್ಷ ಎಂಬ ಗಾದೆ ಇಲ್ಲಿ ಸುಮ್ಮನೆ ಹುಟ್ಟಿಲ್ಲ.

ಬಿದಿರಿನ ದೊಡ್ಡ ತೊಂದರೆ ಬೆರಳಿನದಲ್ಲ. ಅದು ಊದುವವನನ್ನು ಹೊಗಳುತ್ತದೆ. ಸೋರುವ ಉಸಿರೂ ಅದರಲ್ಲಿ ಗಂಭೀರವಾಗಿ ಕೇಳುತ್ತದೆ, ನನ್ನ ಅರೆಬರೆ ಊದುವಿಕೆಗೆ ನಾನೇ ‘ಧ್ಯಾನ’ ಎಂದು ಹೆಸರಿಟ್ಟುಕೊಂಡಿದ್ದೆ. ಪ್ಲಾಸ್ಟಿಕ್ಕಿಗೆ ಆ ದಾಕ್ಷಿಣ್ಯವಿಲ್ಲ. ತಪ್ಪಿದರೆ ತಪ್ಪಿತು ಎಂದೇ ಕೇಳಿಸುತ್ತದೆ. ಜೊತೆಗೆ ಒಡೆಯುವ ಭಯವಿಲ್ಲ. ನನ್ನ ಜಿನಾಶಿ ಮೊದಲ ಚಳಿಗಾಲದಲ್ಲೇ, ಹೀಟರಿನ ಒಣಗಾಳಿಗೆ, ಗೇಣುದ್ದ ಸೀಳಿತು.

ಪಾಠದ ವಿಷಯಕ್ಕೆ ಬರೋಣ. ಎದೋ ಕಾಲದಲ್ಲಿ (1603–1868) ಶಾಕುಹಾಚಿ ಫುಕೆ ಎಂಬ ಝೆನ್ ಪಂಥದ ಕೊಮುಸೋ ಸನ್ಯಾಸಿಗಳ ಸಾಧನವಾಗಿತ್ತು. ಮುಖ ಮುಚ್ಚುವ ಬುಟ್ಟಿಯಂಥ ಟೋಪಿ ತೊಟ್ಟು ಭಿಕ್ಷೆಗೆ ಹೊರಡುತ್ತಿದ್ದರು. ಟೋಪಿಯ ಹೆಸರು ತೆಂಗಾಯಿ. ಮೊದಲ ಸಲ ಕೇಳಿದಾಗ ಚಟ್ನಿಯೇ ನೆನಪಾಯಿತು. ಅವರಿಗೆ ಇದು ಸಂಗೀತವಲ್ಲ, ಸುಯಿಝೆನ್, ಊದುವ ಝೆನ್. 18ನೇ ಶತಮಾನದಲ್ಲಿ ಕುರೊಸಾವಾ ಕಿಂಕೊ ಈ ಪಂಥದ ದೇವಾಲಯಗಳ ರಚನೆಗಳನ್ನು ಒಟ್ಟುಮಾಡಿದ, ಕಿಂಕೊ ಪರಂಪರೆಯ 36 ಹೊಂಕ್ಯೋಕು ಬಂದಿದ್ದು ಹಾಗೆ. 1871ರಲ್ಲಿ ಮೇಜಿ ಸರ್ಕಾರ ಫುಕೆ ಪಂಥವನ್ನೇ ರದ್ದು ಮಾಡಿದ ಮೇಲೆ ಕಿಂಕೊದವರು ಕೋತೋ, ಶಾಮಿಸೆನ್ ಎಂಬ ತಂತಿವಾದ್ಯಗಳ ಜೊತೆ ವೇದಿಕೆಯಲ್ಲಿ ಉಳಿದುಕೊಂಡರು. ಹಳೆಯ ಭಿಕ್ಷುಗಳ ರೀತಿಯನ್ನು ಕ್ಯೋಟೋದ ಮ್ಯೋಆನ್‌ಜಿ ದೇವಾಲಯದ ಸುತ್ತಲಿನವರು ಹಿಡಿದುಕೊಂಡರು.

ಝೆನ್ ಬೇಕೆಂದು ನಾನು ಮೊದಲು ಹೋಗಿದ್ದು ಮ್ಯೋಆನ್ ರೀತಿಯ ಒಂದು ಕೂಟಕ್ಕೆ. ಭಾನುವಾರ ಏಳೆಂಟು ಹಿರಿಯರು ಸಾಲಾಗಿ ಕೂತು ಒಂದೇ ರಚನೆಯನ್ನು ಒಟ್ಟಿಗೆ ಊದುತ್ತಾರೆ. ತಾಳವಿಲ್ಲ, ಉಸಿರು ಮುಗಿದಲ್ಲಿಗೆ ಸಾಲು ಮುಗಿಯಿತು. ಯಾರೂ ಯಾರನ್ನೂ ತಿದ್ದುವುದಿಲ್ಲ. ಆರು ತಿಂಗಳಾದ ಮೇಲೆ ತಡೆಯಲಾರದೆ ಹಿರಿಯರೊಬ್ಬರನ್ನು ಕೇಳಿದೆ, “ನಾನು ಊದ್ತಿರೋದು ಸರಿಯಾಗಿದೆಯಾ?” ಅವರು ಕೊಳಲು ಒರೆಸುತ್ತ, “ಮುಂದಿನ ವಾರ ಬರ್ತೀರಲ್ಲ?” ಅಂದರು. ಅಷ್ಟೇ.

ಆಮೇಲೆ ಸೇರಿದ ಕಿಂಕೊ ಪರಂಪರೆಯ ಸೆನ್ಸೇ, ಅಂದರೆ ಗುರುಗಳ, ಮನೆಯಲ್ಲಿ ಇದರ ತದ್ವಿರುದ್ಧ. ಎದುರಾಬದುರು ಕೂರಬೇಕು. ಮೇಲಿನಿಂದ ಕೆಳಕ್ಕೆ ಬರೆದ ರೊ, ತ್ಸು, ರೆ, ಚಿ ಎಂಬ ಸ್ವರಾಕ್ಷರಗಳ ಮೇಲೆ ಅವರ ಪೆನ್ಸಿಲು ಓಡುತ್ತಿರುತ್ತದೆ. ಒಂದೇ ಮೆರಿಗೆ ನಲವತ್ತು ನಿಮಿಷ ತಡೆದ ದಿನವಿದೆ. ಝೆನ್ ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬಂದಿಲ್ಲ. ಆದರೆ ದಿನಾ ಬೆಳಿಗ್ಗೆ ಹತ್ತು ನಿಮಿಷ ರೊ, ಅಂದರೆ ಎಲ್ಲ ತೂತು ಮುಚ್ಚಿದ ಸ್ವರವೊಂದನ್ನೇ ಊದಿ ಎಂದು ಕಟ್ಟುಮಾಡಿದವರು ಅವರೇ. ಶುರುವಿನಲ್ಲಿ ಎಂಟು ಸೆಕೆಂಡಿಗೆ ಉಸಿರು ಮುಗಿಯುತ್ತಿತ್ತು, ಈಗ ಇಪ್ಪತ್ತು ದಾಟುತ್ತದೆ. ನನ್ನ ಮಟ್ಟಿಗೆ ಝಾಝೆನ್‌ಗೆ, ಅಂದರೆ ಕೂತು ಮಾಡುವ ಝೆನ್ ಧ್ಯಾನಕ್ಕೆ, ತೀರ ಹತ್ತಿರ ಬಂದಿದ್ದು ಆ ಹತ್ತು ನಿಮಿಷವೇ, ಅದೂ ಪ್ಲಾಸ್ಟಿಕ್ಕಿನಲ್ಲಿ.

ಹಾಗಾಗಿ ಕೇಳುವವರಿಗೆ ನಾನು ಹೇಳುವುದು ತಲೆಕೆಳಗು: ಝೆನ್ ಬೇಕಿದ್ದರೆ ಮೊದಲ ವರ್ಷ ಪ್ಲಾಸ್ಟಿಕ್ ಕೊಳಲು, ಬೈಯುವ ಸೆನ್ಸೇ. ಮ್ಯೋಆನ್ ಕೂಟಕ್ಕೆ ಆಮೇಲೆ ಹೋಗಿ. ತಿದ್ದಿಸಿಕೊಂಡು ಅಭ್ಯಾಸವಾದವನಿಗೇ, ಯಾರೂ ತಿದ್ದದೆ ಇರುವುದು ಎಷ್ಟು ಕಷ್ಟ ಎಂದು ತಿಳಿಯುವುದು.

ಸೀಳಿದ ಜಿನಾಶಿಗೆ ದಾರ ಬಿಗಿಸಿ ತಂದಿದ್ದೇನೆ. ತೇವ ಆರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಭಾನುವಾರ ಮಾತ್ರ ಹೊರಗೆ ತೆಗೆಯುತ್ತೇನೆ. ಉಳಿದ ದಿನ ಕಾಮೊ ನದಿಯ ದಂಡೆ, ಪ್ಲಾಸ್ಟಿಕ್ ಕೊಳಲು, ರೊ.