ಕ್ಯಾಮ್‌ಶಾಫ್ಟ್ ಬದಲಿಸಿ ಚಿಪ್ ಹಾಕಿಸುವ ಮೊದಲು

ಕಾರಿನ ಶಕ್ತಿ ಹೆಚ್ಚಿಸಿಕೊಡುತ್ತೇವೆಂದು ಕ್ಯಾಮ್‌ಶಾಫ್ಟನ್ನೂ ಚಿಪ್ಪನ್ನೂ ಜೋಡಿಯಾಗಿ ಮಾರುವವರು ಈಗ ಮೈಸೂರಿನಲ್ಲೂ ಇದ್ದಾರೆ. ಅಂಥದ್ದೊಂದು ಗ್ಯಾರೇಜಿನಿಂದ ನನ್ನ ತಮ್ಮನ 1.2 ಲೀಟರ್ ಪೆಟ್ರೋಲ್ ಕಾರಿಗೆ ಆದ ಗತಿಯನ್ನು ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಬೇಡ. ಅವರ ಕೆಲಸದ ರೀತಿ ತಿಳಿದರೆ ಇಂಥವರನ್ನು ಯಾವ ಊರಿನಲ್ಲಾದರೂ ಗುರುತಿಸಬಹುದು.

ಅವರು ಏನನ್ನೂ ಕೇಳಲಿಲ್ಲ. ನನ್ನ ಕೋಪ ಶುರುವಾಗುವುದೇ ಅಲ್ಲಿಂದ. ತಮ್ಮ ದಿನವೂ ವಿಜಯನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುತ್ತಾನೆ, ರಜೆ ಬಂದರೆ ಮಂಡ್ಯದಲ್ಲಿರುವ ಮಾವನ ಮನೆಗೆ ಹೋಗುತ್ತಾನೆ. ಅವನ ಎಂಜಿನ್ 3,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟುವುದೇ ಅಪರೂಪ. ಅಂಥವನಿಗೆ ‘ರೇಸ್ ಕ್ಯಾಮ್ ಹಾಕಿಸಿ ಸಾರ್, ಕಾರು ಹಾರುತ್ತದೆ’ ಎಂದರು.

ಕ್ಯಾಮ್‌ಶಾಫ್ಟ್ ಮಾಡುವ ಕೆಲಸವನ್ನು ತಿಳಿದ ಯಾರೂ ಹಾಗೆ ಹೇಳುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತಾ, ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲಾದ ವಾಲ್ವು ಯಾವಾಗ ತೆರೆಯಬೇಕು, ಎಷ್ಟು ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ವಾಲ್ವು ಹೆಚ್ಚು ಹೊತ್ತು ತೆರೆದಿರುವಂತೆ ಕಡೆದ ಕ್ಯಾಮ್ ಇದ್ದರೆ ಎಂಜಿನ್ ಮೇಲಿನ ವೇಗಗಳಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಕಡಿಮೆ ವೇಗದಲ್ಲಿ ಅದೇ ಗುಣ ಶಾಪವಾಗುತ್ತದೆ. ಗಾಳಿ ಎಳೆದುಕೊಳ್ಳುವ ವಾಲ್ವು ತಡವಾಗಿ ಮುಚ್ಚುವುದರಿಂದ, ಒಳಗೆ ಬಂದ ಗಾಳಿಯಲ್ಲಿ ಒಂದಷ್ಟನ್ನು ಪಿಸ್ಟನ್ ಮೇಲೇರುವಾಗ ಹಿಂದಕ್ಕೆ ತಳ್ಳಿಬಿಡುತ್ತದೆ. ಊರೊಳಗೆ ಓಡಾಡುವವನಿಗೆ ಬೇಕಾದ ಪಿಕಪ್ ಹೋಗುವುದು ಹೀಗೆ.

ಕಾರು ಮನೆಗೆ ಬಂದಾಗಿನಿಂದಲೇ ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತಿತ್ತು. ಕೇಳಿದರೆ ‘ರೇಸ್ ಕಾರಿನ ಲಕ್ಷಣವೇ ಅದು’ ಎಂದರು. ಪೆಟ್ರೋಲ್ ವಾಸನೆ ಬರುತ್ತಿತ್ತು, ಮೈಲೇಜ್ ಕುಸಿದಿತ್ತು. ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಬ್ರೇಕ್. ಪೆಟ್ರೋಲ್ ಕಾರಿನಲ್ಲಿ ಕಾಲಿನ ತುಳಿತಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಸಾಮಾನ್ಯವಾಗಿ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ಹುಟ್ಟುವ ನಿರ್ವಾತವನ್ನೇ ನಂಬಿಕೊಂಡಿರುತ್ತದೆ. ಇಂಥ ಕ್ಯಾಮ್ ಇದ್ದಾಗ ಐಡ್ಲಿಂಗಿನಲ್ಲಿ ಆ ನಿರ್ವಾತ ಕಡಿಮೆಯಾಗುತ್ತದೆ. ದೇವರಾಜ ಮಾರುಕಟ್ಟೆಯ ಸುತ್ತಲಿನ ಸಂದಣಿಯಲ್ಲಿ ತೆವಳುತ್ತಾ ಮತ್ತೆ ಮತ್ತೆ ಬ್ರೇಕ್ ತುಳಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಜನ ಕಾರಿಗೆ ಮೈ ತಾಗಿಸಿಕೊಂಡು ದಾಟುವ ಜಾಗ ಅದು! ಶಕ್ತಿ ಕೊಡುತ್ತೇವೆಂದು ಹೇಳಿ ಬ್ರೇಕನ್ನು ದುರ್ಬಲಗೊಳಿಸಿ ಕಳುಹಿಸಿದ್ದರು.

ಇನ್ನು ಚಿಪ್. ಕಾರಿನ ದೋಷ ಪರೀಕ್ಷಿಸಲೆಂದು ಸ್ಟೀರಿಂಗ್ ಕೆಳಗಿರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿದ್ದ ಒಂದು ಪುಟ್ಟ ಡಬ್ಬಿ ಅದು. ನಾನು ಬಿಚ್ಚಿ ನೋಡಿದೆ. ಮಿನುಗುವ ಎಲ್‌ಇಡಿ ದೀಪಗಳು, ಅವನ್ನು ಮಿನುಗಿಸುವ ಸಣ್ಣ ಐಸಿ, ಅಷ್ಟೇ. ಎಂಜಿನ್ ಕಂಪ್ಯೂಟರ್ (ಇಸಿಯು) ಜೊತೆ ಮಾತಾಡಬೇಕಾದ ಪಿನ್ನುಗಳಿಗೆ ಒಳಗೆ ಯಾವ ಸಂಪರ್ಕವೂ ಇರಲಿಲ್ಲ. ನಿಜವಾದ ಟ್ಯೂನಿಂಗ್ ಎಂದರೆ ಇಸಿಯು ಒಳಗಿರುವ ಇಂಧನ ಮತ್ತು ಇಗ್ನಿಷನ್ ಕೋಷ್ಟಕಗಳನ್ನೇ ತಿದ್ದಿ ಬರೆಯುವುದು. ಕ್ಯಾಮ್ ಬದಲಾದರೆ ಆ ಕೆಲಸ ಅನಿವಾರ್ಯ. ಏಕೆಂದರೆ ನಿರ್ವಾತ ಇಳಿದಾಗ, ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುವ ಇಸಿಯು ಎಂಜಿನ್ನಿನ ಮೇಲೆ ಭಾರ ಬಿದ್ದಿದೆಯೆಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಬೇರೆ ದೇಶದ ಕಾರಿಗೆಂದು ಬರೆದ ಕೋಷ್ಟಕಗಳ ಫೈಲನ್ನು ತಂದು ತುಂಬುವುದೂ ಅಪಾಯವೇ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಇಲ್ಲಿನ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಬೇರೆ ಪೆಟ್ರೋಲಿಗೆಂದು ಬರೆದ ಫೈಲಿನ ಲೆಕ್ಕ ಇಲ್ಲಿ ತಪ್ಪಬಹುದು. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಲ್ಲಿ ಹೀಗೆ ಕೋಷ್ಟಕ ತಿದ್ದುವ ಬರೀ ರೀಮ್ಯಾಪಿನಿಂದ ಸಿಗುವ ಲಾಭ ಅಲ್ಪ ಎಂಬುದನ್ನೂ ತಿಳಿದಿರಿ.

ಕೊನೆಗೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಮದ್ದೂರಿನ ಬಳಿ, ಎಂಜಿನ್ ಕೈಕೊಟ್ಟಿತು. ಎಂಜಿನ್ನಿನ ಕಡಿಮೆ ವೇಗದ ಎಳೆತ ಸತ್ತಿದ್ದರಿಂದ ಲಾರಿಯೊಂದನ್ನು ದಾಟಲು ತಮ್ಮ ಮೂರನೆಯ ಗಿಯರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದ್ದ. ಟಕಟಕ ಸದ್ದು ಬಂತು, ಎಂಜಿನ್ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಎಚ್ಚರವಾಗಿದ್ದ, ಮನೆಯವರೆಲ್ಲ ಉಳಿದರು. ಬೇರೊಬ್ಬ ಮೇಸ್ತ್ರಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದಾಗ ವಾಲ್ವುಗಳು ಬಾಗಿದ್ದವು, ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತುಗಳಿದ್ದವು. ಹೊಸ ಕ್ಯಾಮ್‌ಗೆ ವಾಲ್ವು ಮುಚ್ಚುವ ಹಳೆಯ ಸ್ಪ್ರಿಂಗುಗಳನ್ನೇ ಉಳಿಸಿದ್ದರು. ಆ ವೇಗದಲ್ಲಿ ಅವು ವಾಲ್ವನ್ನು ಸಮಯಕ್ಕೆ ಸರಿಯಾಗಿ ಹಿಂದಕ್ಕೆಳೆಯಲು ಆಗದೆ, ಪಿಸ್ಟನ್ ಬಂದು ಅದಕ್ಕೆ ಬಡಿದಿತ್ತು. ಜೋಡಿಸುವ ಮೊದಲು ಪಿಸ್ಟನ್ ಮೇಲೆ ಒಂದು ಚೂರು ಮೆತ್ತನೆಯ ಜೇಡಿಮಣ್ಣನ್ನಿಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದು ಅಳೆಯುವ ಸರಳ ಪದ್ಧತಿಯಿದೆ. ಅದನ್ನೂ ಮಾಡಿರಲಿಲ್ಲ.

ಹಾಗಾಗಿ, ನೀವು ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರಿ ಎಂದು ಕೇಳದವರ ಕೈಗೆ ಕೀ ಕೊಡಬೇಡಿ. ಕ್ಯಾಮ್ ಜೊತೆ ಬರುವ ಅಳತೆಯ ಕಾರ್ಡನ್ನು ಕೇಳಿ. ಸ್ಪ್ರಿಂಗ್ ಯಾವುದು, ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಮೊದಲು ಮತ್ತು ಆಮೇಲೆ ಎಷ್ಟು ಬಂತು, ಇಸಿಯುವಿನ ಮೂಲ ಫೈಲಿನ ಪ್ರತಿ ಎಲ್ಲಿದೆ ಎಂದು ಒಂದೊಂದಾಗಿ ವಿಚಾರಿಸಿ. ತಡವರಿಸಿದರೆ ಎದ್ದು ಬನ್ನಿ. ಕಾನೂನನ್ನೂ ಅವರು ಹೇಳುವುದಿಲ್ಲ. ತಯಾರಕರ ನಮೂನೆಗೆ ಹೊರತಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಬೀಳಬಹುದು. ಸಿಕ್ಕಿಬೀಳುವವರು ನೀವು, ಗ್ಯಾರೇಜಿನವರಲ್ಲ.

ಈಗಾಗಲೇ ಕೆಲಸ ಮಾಡಿಸಿದ್ದರೆ, ನಿಮ್ಮ ಎಂಜಿನ್ನಿನಿಂದ ತೆಗೆದ ಮೂಲ ಕ್ಯಾಮ್‌ಶಾಫ್ಟನ್ನೂ ಅದರ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರ್‌ಗಳನ್ನೂ ಇವತ್ತೇ ಹೋಗಿ ಕೇಳಿ ತನ್ನಿ. ರಾಕರ್‌ಗಳು ಯಾವ ಸಿಲಿಂಡರಿನವು ಎಂದು ಗುರುತು ಹಾಕಿಸಿಕೊಳ್ಳಿ, ಸವೆದು ಒಂದಕ್ಕೊಂದು ಹೊಂದಿಕೊಂಡಿರುವ ಭಾಗಗಳನ್ನು ಅದಲುಬದಲು ಮಾಡಬಾರದು. ತಮ್ಮ ಕೇಳಲು ಹೋದಾಗ ಅವನದು ಗುಜರಿಗೆ ಹೋಗಿಯಾಗಿತ್ತು.