ಹೆಲ್ಪ್‌ಲೈನ್ ಸ್ವಯಂಸೇವೆ: ಫೋನಾ, ಚಾಟಾ?

ಹದಿಹರೆಯದವರ ಹೆಲ್ಪ್‌ಲೈನ್‌ಗೆ ಸೇರಬೇಕು ಅಂದುಕೊಂಡಿದ್ದೀರಾ? ಫೋನ್ ಎತ್ತುವುದೋ, ಚಾಟ್‌ನಲ್ಲಿ ಕೂರುವುದೋ ಅಂತ ಮೊದಲು ಯೋಚಿಸಿ.

ಫೋನಿನಲ್ಲಿ ದನಿ ಸಿಗುತ್ತದೆ. ನಡುಕ, ಬಿಕ್ಕಳಿಕೆ, ಹಿಂದೆ ಯಾರೋ ಬಾಗಿಲು ಬಡಿಯುವ ಸದ್ದು, ಎಲ್ಲ ಕಿವಿಗೆ ಬೀಳುತ್ತದೆ. ಆದರೆ ಯೋಚಿಸಿ ಉತ್ತರ ಕೊಡಲು ಪುರುಸೊತ್ತಿಲ್ಲ. ಆ ಕಡೆ ಸುಮ್ಮನಾದಾಗ ಏನಾದರೂ ಹೇಳಿಬಿಡೋಣ ಅನ್ನಿಸುತ್ತದೆ. ತಡೆದುಕೊಂಡು ಕಾಯಬೇಕು.

ಚಾಟ್ ಬೇರೆಯೇ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಇದ್ದರೂ ಮಕ್ಕಳು ಟೈಪ್ ಮಾಡಬಹುದು. ಬಾಯಿಬಿಟ್ಟು ಹೇಳಲಾಗದ್ದನ್ನು ಎಷ್ಟೋ ಸಲ ಇಲ್ಲೇ ಹೇಳುತ್ತಾರೆ. ಆದರೆ ‘ಪರವಾಗಿಲ್ಲ ಬಿಡಿ’ ಅಂತ ಬಂದರೆ ಅದು ಸಮಾಧಾನವೋ ಬೇಸರವೋ ಗೊತ್ತಾಗಲ್ಲ, ಕೇಳಿಯೇ ತಿಳಿಯಬೇಕು. ಮಾತುಕತೆ ಜಾಸ್ತಿ ಹೊತ್ತು ಎಳೆಯುತ್ತದೆ. ಕಳಿಸುವ ಮುನ್ನ ಓದಿ ತಿದ್ದಬಹುದು, ಮೇಲ್ವಿಚಾರಕರನ್ನೂ ಕೇಳಬಹುದು. ಹಾಗಾಗಿ ಹೊಸಬರಿಗೆ ಚಾಟೇ ವಾಸಿ ಅಂತ ನನಗನ್ನಿಸುತ್ತದೆ.

ಸಾಯುವ ಯೋಚನೆಯ ಸುಳಿವು ಸಿಕ್ಕರೆ ಎರಡರಲ್ಲೂ ಅದರ ಬಗ್ಗೆ ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು. ಮತ್ತೆ ಒಂದು ಮಾತು: ಸರಿಯಾದ ತರಬೇತಿ ಕೊಡದ, ಕಷ್ಟದ ಕರೆ ಮುಗಿದ ಮೇಲೆ ನಿಮ್ಮ ಜೊತೆ ಕೂತು ಮಾತಾಡುವವರಿಲ್ಲದ ಕಡೆ ಎರಡನ್ನೂ ಒಪ್ಪಿಕೊಳ್ಳಬೇಡಿ.